ಯುದ್ಧವಲ್ಲ, ಪೊಲೀಸ್ ಕಾರ್ಯಾಚರಣೆ: ಅಮೆರಿಕದ ಅಧ್ಯಕ್ಷರ ಮಾತಿನಲ್ಲಿ ಅಪಹ್ನುತಿ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಗೆ ನಡೆದ ಚರ್ಚೆಯ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.)

 

ಇವತ್ತಿನ ಗೋಷ್ಠಿಯ ವಿಷಯ ಯುದ್ಧ ಮತ್ತು ಭಾಷೆ. ಸಾಮಾನ್ಯವಾಗಿ ಇಂಥ ಗೋಷ್ಠಿಗಳಲ್ಲಿ ನಾವು ಪಂಪನಿಂದ ಶುರು ಮಾಡ್ತೇವೆ, ರನ್ನನ ಗದಾಯುದ್ಧಕ್ಕೆ ಬರ್ತೇವೆ, ಕುಮಾರವ್ಯಾಸನಲ್ಲಿ ನಿಲ್ತೇವೆ. ನಾನು ಇವತ್ತು ಕಾವ್ಯವಲ್ಲದ ಒಂದು ಪಠ್ಯವನ್ನು ತೆಗೆದುಕೊಂಡಿದ್ದೇನೆ: ಅಮೆರಿಕದ ಅಧ್ಯಕ್ಷರು ಯುದ್ಧದ ಮುಂಚೆ ಮತ್ತು ಯುದ್ಧದ ನಡುವೆ ಆಡಿದ ಮಾತು. ಮುಖ್ಯವಾಗಿ 1950ರಿಂದ 1953ರವರೆಗಿನ ಕೊರಿಯಾ ಯುದ್ಧ. ಅಮೆರಿಕದ ವಿದೇಶಾಂಗ ನೀತಿಗೂ ಕನ್ನಡ ಎಂ.ಎ. ತರಗತಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಎರಡು. ಒಂದು, ಆ ಅಧ್ಯಕ್ಷರು ನೀತಿಯನ್ನು ರೂಪಿಸಿದ್ದು ಬರೀ ಆದೇಶಗಳಿಂದಲ್ಲ, ಅಲಂಕಾರಗಳಿಂದಲೂ ಹೌದು. ಅಲಂಕಾರಗಳನ್ನು ಬಿಡಿಸಿ ನೋಡುವುದು ನಮ್ಮ ಕೆಲಸ. ಎರಡು, ಆ ಮಾತುಗಳನ್ನು ಎದುರಿನಿಂದ ಕೇಳಿ, ಒಪ್ಪಬೇಕೋ ಬೇಡವೋ ಅಂತ ನಿರ್ಧರಿಸಬೇಕಾಗಿ ಬಂದವರಲ್ಲಿ ಇಬ್ಬರು ನಮ್ಮ ಆಸುಪಾಸಿನವರು: ಮಂಗಳೂರಿನ ಬೆನಗಲ್ ನರಸಿಂಗ ರಾವ್ ಮತ್ತು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ.

ತೋಟದ ಪೈಪು, ಬುಡುಬುಡು ಹಾವು

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದ ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನದ್ದು. ಅಧ್ಯಕ್ಷರು ಸೇನೆಯ ಮಹಾದಂಡನಾಯಕರು ಮಾತ್ರ. 1917ರ ಏಪ್ರಿಲ್ 2ರಂದು ವುಡ್ರೋ ವಿಲ್ಸನ್ ಕಾಂಗ್ರೆಸ್ಸಿನ ಎದುರು ನಿಂತು ಯುದ್ಧ ಘೋಷಿಸಿ ಅಂತ ಕೇಳಿಕೊಂಡರು; 6ನೇ ತಾರೀಕು ಘೋಷಣೆಯಾಯಿತು. 1941ರ ಡಿಸೆಂಬರ್ 8ರಂದು, ಪರ್ಲ್ ಹಾರ್ಬರ್ ದಾಳಿಯ ಮರುದಿನ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ ಅದನ್ನೇ ಮಾಡಿದರು. ಎರಡೂ ಸಲ "ಯುದ್ಧ" ಅನ್ನುವ ಪದ ಬಾಯಿಂದ ಬಂತು, ಆ ಪದಕ್ಕೆ ಒಪ್ಪಿಗೆ ಕೊಡಬೇಕಾದವರು ಎದುರಿಗೇ ಕೂತಿದ್ದರು.

ಆದರೆ ಘೋಷಣೆಗೆ ಮುಂಚಿನ ಒಂದು ವರ್ಷ ಬಹಳ ಕುತೂಹಲದ್ದು. 1940ರ ಡಿಸೆಂಬರ್ 17ರ ಪತ್ರಿಕಾಗೋಷ್ಠಿಯಲ್ಲಿ ರೂಸ್‌ವೆಲ್ಟ್ ಒಂದು ಕತೆ ಹೇಳಿದರು. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ. ನನ್ನ ಹತ್ತಿರ ತೋಟಕ್ಕೆ ನೀರು ಬಿಡುವ ಪೈಪು ಇದೆ. ಹದಿನೈದು ಡಾಲರ್ ಕೊಟ್ಟರೆ ಮಾತ್ರ ಕೊಡ್ತೇನೆ ಅಂತ ನಾನು ಹೇಳ್ತೇನಾ? ಪೈಪು ಕೊಡ್ತೇನೆ, ಬೆಂಕಿ ಆರಿದ ಮೇಲೆ ವಾಪಸು ತಗೊಳ್ತೇನೆ. ಬ್ರಿಟನ್ನಿಗೆ ಶಸ್ತ್ರಾಸ್ತ್ರ ಕೊಡುವುದನ್ನು ಅವರು ಹೀಗೆ ವಿವರಿಸಿದ್ದು. ಹಾರಿಸಿದ ಗುಂಡನ್ನು ಯಾರೂ ವಾಪಸು ತಗೊಳ್ಳೋದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ನಮ್ಮ ಪರಿಭಾಷೆಯಲ್ಲಿ ಇದು ದೃಷ್ಟಾಂತಕ್ಕೆ ಹತ್ತಿರ. ದೃಷ್ಟಾಂತದ ಗುಣ ಏನು? ಅದು ಕೇಳುಗನನ್ನು ತೂಗಿ ನೋಡಲು ಬಿಡುತ್ತದೆ. ಈ ಎರಡು ಸಂಗತಿ ನಿಜವಾಗಿ ಒಂದರ ಬಿಂಬ ಇನ್ನೊಂದೋ ಅಂತ ಕೇಳುಗ ಕೇಳಬಹುದು, ಇಲ್ಲ ಅನ್ನಬಹುದು. ಮಸೂದೆ ಕಾಂಗ್ರೆಸ್ಸಿಗೆ ಹೋಯಿತು, ಚರ್ಚೆಯಾಯಿತು, 1941ರ ಮಾರ್ಚ್ 11ರಂದು ಕಾನೂನಾಯಿತು. ಹೆಸರು ಲೆಂಡ್-ಲೀಸ್, ಸಾಲ, ಗೇಣಿ.

ಅದೇ ರೂಸ್‌ವೆಲ್ಟ್ ಆರು ತಿಂಗಳ ನಂತರ ಬೇರೆ ಅಲಂಕಾರ ಬಳಸಿದರು. 1941ರ ಸೆಪ್ಟೆಂಬರ್ 4ರಂದು ಗ್ರೀರ್ ಎಂಬ ಅಮೆರಿಕದ ಯುದ್ಧನೌಕೆಯ ಮೇಲೆ ಜರ್ಮನಿಯ ಜಲಾಂತರ್ಗಾಮಿ ಟಾರ್ಪಿಡೊ ಬಿಟ್ಟಿತು. 11ರಂದು ರೇಡಿಯೊದಲ್ಲಿ ಅಧ್ಯಕ್ಷರು ಈ ಜಲಾಂತರ್ಗಾಮಿಗಳನ್ನು ಬುಡುಬುಡು ಹಾವು, ಅಂದರೆ ಬಾಲ ಅಲ್ಲಾಡಿಸಿ ಸದ್ದು ಮಾಡುವ ಅಮೆರಿಕದ ವಿಷದ ಹಾವು, ಅಂತ ಕರೆದರು. ಕಚ್ಚಲು ಸಜ್ಜಾದ ಹಾವನ್ನು ಅದು ಕಚ್ಚುವ ತನಕ ಕಾಯುತ್ತಾ ಕೂರುವುದಿಲ್ಲ ಅನ್ನುವುದು ವಾದ. ಆ ನೌಕೆಯೇ ಗಂಟೆಗಟ್ಟಲೆ ಆ ಜಲಾಂತರ್ಗಾಮಿಯ ಬೆನ್ನು ಹಿಡಿದಿತ್ತು, ಅದರ ಜಾಗವನ್ನು ಬ್ರಿಟಿಷ್ ವಿಮಾನಕ್ಕೆ ತಿಳಿಸಿತ್ತು, ಆ ವಿಮಾನ ಬಾಂಬು ಹಾಕಿತ್ತು. ಈ ಭಾಗ ಭಾಷಣದಲ್ಲಿ ಬರಲಿಲ್ಲ. ಹಾವು ಅಂದ ಮೇಲೆ ಹಿಂದಿನ ಕತೆ ಯಾರೂ ಕೇಳೋದಿಲ್ಲ ನೋಡಿ. ಉಪಮಾನದ ಬಲ ಊರಿನ ಮೇಲೂ ನಿಂತಿರುತ್ತದೆ: ನಾಗಬನಗಳಿರುವ, ನಾಗನ ಕಲ್ಲಿಗೆ ತನು ಎರೆಯುವ ನಮ್ಮ ಕಡೆ ಈ ಹೋಲಿಕೆ ಕೊಟ್ಟಿದ್ದರೆ ಕೇಳುಗರು "ಹಾವನ್ನು ಮುಟ್ಟಿದ್ದು ಯಾರು?" ಅಂತಲೇ ಮೊದಲು ಕೇಳುತ್ತಿದ್ದರು. ಅಮೆರಿಕದ ಹೊಲಮನೆಯ ಕೇಳುಗನಿಗೆ ಆ ಪ್ರಶ್ನೆ ಹುಟ್ಟುವುದಿಲ್ಲ.

ಪೈಪಿನಿಂದ ಹಾವಿಗೆ ಬರುವಾಗ ಒಂದು ಬದಲಾವಣೆ ಆಗಿದೆ. ಪೈಪಿನ ಕತೆ ಒಪ್ಪಿಗೆ ಕೇಳಿತು. ಹಾವಿನ ರೂಪಕ ಒಪ್ಪಿಗೆ ಈಗಾಗಲೇ ಸಿಕ್ಕಿದೆ ಎಂದುಕೊಂಡು ಮಾತಾಡಿತು. ಮೂರನೆಯ ಹೆಜ್ಜೆ ಇಟ್ಟವರು ಹ್ಯಾರಿ ಟ್ರೂಮನ್.

ಉಪಮೇಯವನ್ನು ಅಳಿಸಿದ ವಾಕ್ಯ

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ಆ ಗೆರೆಯೇ ಒಂದು ಅವಸರದ ಬರಹ: 1945ರ ಆಗಸ್ಟಿನಲ್ಲಿ, ಜಪಾನ್ ಶರಣಾಗುವ ಹೊತ್ತಿಗೆ, ವಾಷಿಂಗ್ಟನ್ನಿನಲ್ಲಿ ಇಬ್ಬರು ಸೇನಾಧಿಕಾರಿಗಳು ಒಂದು ಭೂಪಟ ಹಿಡಿದು ಎಳೆದದ್ದು. ಜೂನ್ 27ರಂದು ಟ್ರೂಮನ್ ವಾಯುಸೇನೆ, ನೌಕಾಸೇನೆಗಳ ನೆರವು ಪ್ರಕಟಿಸಿದರು. ಅದೇ ಹೇಳಿಕೆಯಲ್ಲಿ ತೈವಾನ್ ಜಲಸಂಧಿಗೆ ಏಳನೇ ನೌಕಾಪಡೆಯನ್ನು ಕಳಿಸಿದ್ದೂ ಸೇರಿತ್ತು. 30ರಂದು ಭೂಸೇನೆಗೂ ಅಪ್ಪಣೆಯಾಯಿತು. ಕಾಂಗ್ರೆಸ್ಸಿನ ಮತ ಯಾವ ಹಂತದಲ್ಲೂ ಕೇಳಲಿಲ್ಲ. ಸೆನೆಟರ್ ರಾಬರ್ಟ್ ಟಾಫ್ಟ್ 28ರಂದೇ ಎದ್ದು ನಿಂತು, ಹೀಗೆ ಮಾಡಲು ಅಧ್ಯಕ್ಷರಿಗೆ ಅಧಿಕಾರ ಇಲ್ಲ ಅಂದಿದ್ದರು.

29ರಂದು ಪತ್ರಿಕಾಗೋಷ್ಠಿ. ನಾವು ಯುದ್ಧದಲ್ಲಿದ್ದೇವೆಯೇ ಎಂಬ ಪ್ರಶ್ನೆಗೆ ಇಲ್ಲ ಅಂದರು. ದಾಳಿಕೋರರು ದರೋಡೆಕೋರರ ಗುಂಪು, ಅದನ್ನು ಅಡಗಿಸಲು ವಿಶ್ವಸಂಸ್ಥೆ ಹೊರಟಿದೆ ಅಂದರು. ಆಗ ಒಬ್ಬ ವರದಿಗಾರ, ಹಾಗಿದ್ದರೆ ಇದನ್ನು ವಿಶ್ವಸಂಸ್ಥೆಯ ಅಡಿಯ ಪೊಲೀಸ್ ಕಾರ್ಯಾಚರಣೆ ಅನ್ನಬಹುದೇ ಅಂತ ಕೇಳಿದ. ಹೌದು, ಅದೇ ಅಂತ ಅಧ್ಯಕ್ಷರು ಒಪ್ಪಿಕೊಂಡರು. ಗಮನಿಸಿ, ಪದ ಅಧ್ಯಕ್ಷರದ್ದಲ್ಲ, ವರದಿಗಾರನದ್ದು. ಆದರೆ ಪೊಲೀಸ್ ಅನ್ನಲು ಬೇಕಾದ ಕಳ್ಳನನ್ನು ಅಧ್ಯಕ್ಷರು ಆಗಲೇ ತಂದು ನಿಲ್ಲಿಸಿದ್ದರು. ಕಳ್ಳ ಇದ್ದಾನೆ, ಪೊಲೀಸ್ ಬಂತು, ಕಾನೂನು ಎಲ್ಲೋ ಇದೆ. ಅವಯವಗಳೆಲ್ಲ ಕೂಡಿದ ಸಾವಯವ ರೂಪಕ.

ಇದಕ್ಕೆ ಸರಿಯಾದ ಹೆಸರು ರೂಪಕಕ್ಕಿಂತಲೂ ಅಪಹ್ನುತಿ. ಶಾಲೆಯ ವ್ಯಾಕರಣದಲ್ಲಿ ಉಪಮೆ, ರೂಪಕ, ಉತ್ಪ್ರೇಕ್ಷೆ ಓದಿರುತ್ತೇವೆ, ಅಪಹ್ನುತಿ ಅಷ್ಟು ಪರಿಚಯವಿಲ್ಲ. ಉಪಮೇಯವನ್ನು ಬೇಕೆಂದೇ ನಿರಾಕರಿಸಿ ಅದರ ಜಾಗದಲ್ಲಿ ಉಪಮಾನವನ್ನು ಸ್ಥಾಪಿಸುವುದು ಅಪಹ್ನುತಿ. "ಇದು ಮುಖವಲ್ಲ, ಚಂದ್ರ." ಉಪಮೆಯಲ್ಲಿ ಮುಖ ಚಂದ್ರನಂತೆ, ರೂಪಕದಲ್ಲಿ ಮುಖವೇ ಚಂದ್ರ, ಅಪಹ್ನುತಿಯಲ್ಲಿ ಮುಖ ಇಲ್ಲವೇ ಇಲ್ಲ. "ಇದು ಯುದ್ಧವಲ್ಲ, ಪೊಲೀಸ್ ಕಾರ್ಯಾಚರಣೆ." ವಾಕ್ಯದ ಕಟ್ಟು ಅದೇ.

ಹಾಗಾದರೆ ಕವಿಯ ಅಪಹ್ನುತಿಗೂ ಅಧ್ಯಕ್ಷರ ಅಪಹ್ನುತಿಗೂ ಏನು ವ್ಯತ್ಯಾಸ? ನನ್ನ ಇಡೀ ವಾದ ಈ ಪ್ರಶ್ನೆಯ ಮೇಲೆ ನಿಂತಿದೆ. ಕವಿ "ಮುಖವಲ್ಲ" ಅಂದಾಗ ಅದು ಮುಖ ಅಂತ ನಮಗೆ ಗೊತ್ತಿರುತ್ತದೆ, ಕವಿಗೂ ಗೊತ್ತಿರುತ್ತದೆ. ನಿರಾಕರಣೆಯಿಂದ ಮುಖ ಇನ್ನಷ್ಟು ಹೊಳೆಯುತ್ತದೆ. ಕೇಳುಗ ನಂಬಿಬಿಟ್ಟರೆ ಅಲಂಕಾರ ಸತ್ತುಹೋಗುತ್ತದೆ. ಆಗ ಅದು ಬರೀ ಭ್ರಾಂತಿ. ಅಧಿಕಾರದ ಅಪಹ್ನುತಿ ಇದಕ್ಕೆ ತಲೆಕೆಳಗು. ಅದು ನಂಬಿಸುವುದಕ್ಕೇ ಇರುವುದು. ಕಡೇ ಪಕ್ಷ, ನಂಬಿದಂತೆ ನಡೆದುಕೊಳ್ಳುವಂತೆ ಮಾಡುವುದಕ್ಕೆ. ಉಪಮೇಯ ಅಳಿಸಿಹೋದರೆ ಅದರ ಜೊತೆಗೆ ಬರುವ ಹೊಣೆಗಳೂ ಅಳಿಸಿಹೋಗುತ್ತವೆ. ಯುದ್ಧ ಅಂದರೆ ಕಾಂಗ್ರೆಸ್ಸಿಗೆ ಹೋಗಬೇಕು. ಪೊಲೀಸ್ ಕಳಿಸುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಜುಲೈ 3ರಂದು ಅಮೆರಿಕದ ವಿದೇಶಾಂಗ ಇಲಾಖೆ ಒಂದು ಟಿಪ್ಪಣಿ ತಯಾರಿಸಿ, ಹಿಂದೆ ಅಧ್ಯಕ್ಷರು ಕಾಂಗ್ರೆಸ್ಸನ್ನು ಕೇಳದೆ ಸೇನೆ ಬಳಸಿದ 85 ಪ್ರಸಂಗಗಳನ್ನು ಪಟ್ಟಿ ಮಾಡಿತು. ಅಲಂಕಾರಕ್ಕೆ ಆಮೇಲೆ ಬರೆದ ಟೀಕಾ ವ್ಯಾಖ್ಯಾನ ಅಂತ ಕರೆಯಬಹುದು.

ಅಳಿಸಿದ ಉಪಮೇಯ ಆದರೂ ಸುಮ್ಮನಿರಲಿಲ್ಲ. 1952ರ ಏಪ್ರಿಲ್ 8ರಂದು, ಮುಷ್ಕರದಿಂದ ಉಕ್ಕಿನ ಉತ್ಪಾದನೆ ನಿಲ್ಲಬಾರದು ಅಂತ ಟ್ರೂಮನ್ ಖಾಸಗಿ ಉಕ್ಕಿನ ಕಾರ್ಖಾನೆಗಳನ್ನು ಸರಕಾರದ ವಶಕ್ಕೆ ತೆಗೆದುಕೊಂಡರು. ಕಾರಣ: ಕೊರಿಯಾದಲ್ಲಿ ಸೈನಿಕರು ಹೋರಾಡುತ್ತಿದ್ದಾರೆ. ಅಂದರೆ ಹೊರಗೆ ಯುದ್ಧವಲ್ಲ, ಒಳಗೆ ಮಾತ್ರ ಯುದ್ಧ. ಜೂನ್ 2ರಂದು ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಿಂದ ಆ ಆದೇಶವನ್ನು ರದ್ದು ಮಾಡಿತು. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಅವರ ತೀರ್ಪಿನ ಆತಂಕ ಇದೇ: ಅಧ್ಯಕ್ಷರು ತಾವಾಗಿಯೇ ಸೇನೆಯನ್ನು ಪರದೇಶಕ್ಕೆ ಕಳಿಸಿ, ಅದರ ನೆಪದಿಂದಲೇ ದೇಶದೊಳಗೂ ತಮ್ಮ ಅಧಿಕಾರ ಬೆಳೆಸಿಕೊಳ್ಳುವಂತಾದರೆ ಏನು ಗತಿ? ಸತ್ತ ಅಮೆರಿಕನ್ ಸೈನಿಕರು 36 ಸಾವಿರಕ್ಕೂ ಹೆಚ್ಚು. ಕೊರಿಯನ್ನರು, ಚೀನೀಯರು, ನಾಗರಿಕರು ಎಲ್ಲ ಸೇರಿದರೆ ಇಪ್ಪತ್ತು ಲಕ್ಷ ದಾಟುತ್ತದೆ ಅನ್ನುವುದು ಸಾಮಾನ್ಯ ಅಂದಾಜು. 1995ರ ಜುಲೈ 27ರಂದು ವಾಷಿಂಗ್ಟನ್ನಿನಲ್ಲಿ ಸ್ಮಾರಕ ಉದ್ಘಾಟನೆಯಾದಾಗ ಅದರ ಹೆಸರಿನಲ್ಲಿ "ಯುದ್ಧ" ಇತ್ತು.

ನಮ್ಮಲ್ಲಿ ಅದೇ ಪದ

ಇಲ್ಲಿಗೆ ನಿಲ್ಲಿಸಿದರೆ ಅಮೆರಿಕವನ್ನು ಬೈದ ಹಾಗಾಯಿತು ಅಷ್ಟೆ. ಟ್ರೂಮನ್ ಆ ಪದ ಒಪ್ಪಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ ಅದು ಕನ್ನಡ ನೆಲದಲ್ಲಿ ಬಳಕೆಗೆ ಬಂದಿತ್ತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು, 17ರಂದು ನಿಜಾಮರು ಶರಣಾದರು. ಬೀದರ್, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದಲ್ಲಿದ್ದವು. ಹೋದದ್ದು ಸೇನೆ, ಟ್ಯಾಂಕು ಸಮೇತ. ಕರೆದದ್ದು ಪೊಲೀಸ್ ಕಾರ್ಯಾಚರಣೆ. ಆ ಭಾಗದ ಹಿರಿಯರು ಇವತ್ತಿಗೂ "ಪೊಲೀಸ್ ಆಕ್ಷನ್" ಅಂತಲೇ ಹೇಳ್ತಾರೆ. ರಜಾಕಾರರ ಹಿಂಸೆ ನಿಜ, ಅದರಿಂದ ಬಿಡುಗಡೆ ಸಿಕ್ಕಿದ್ದೂ ನಿಜ. ಹಾಗೆಯೇ ಅದರ ಬೆನ್ನಿಗೆ ನಡೆದ ಕೊಲೆಗಳೂ ನಿಜ. ಪಂಡಿತ್ ಸುಂದರಲಾಲ್ ಸಮಿತಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅಂತ ಅಂದಾಜು ಮಾಡಿತು, ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಬರಲಿಲ್ಲ. ಪೊಲೀಸ್ ಹೋದ ಕಡೆ ಅಷ್ಟು ಜನ ಸಾಯುವುದು ಹೇಗೆ? ಪದ ಆ ಪ್ರಶ್ನೆಯನ್ನೇ ಎಬ್ಬಿಸದಂತೆ ನೋಡಿಕೊಂಡಿತು.

ಎರಡೂ ಘಟನೆ ಒಂದೇ ಅಂತ ನಾನು ಹೇಳುತ್ತಿಲ್ಲ. ಕಾರಣ ಬೇರೆ, ಪ್ರಮಾಣ ಬೇರೆ, ಫಲ ಬೇರೆ. ಆದರೆ ಎರಡೂ ಕಡೆ ಅಲಂಕಾರ ಮಾಡಿದ ಕೆಲಸ ಒಂದೇ: ಯಾರು ಉತ್ತರ ಕೊಡಬೇಕೋ ಅವರನ್ನು ಪ್ರಶ್ನೆಯ ಹೊರಗೆ ನಿಲ್ಲಿಸಿತು.

ಅಧ್ಯಕ್ಷ ಪೀಠದಲ್ಲಿ ಬೆನಗಲ್ ನರಸಿಂಗ ರಾವ್

ಟ್ರೂಮನ್ನರ ರೂಪಕದಲ್ಲಿ ಪೊಲೀಸ್ ಇದೆ ಅಂದ ಮೇಲೆ ವಾರಂಟ್ ಕೊಡುವ ಕಚೇರಿಯೂ ಬೇಕು. ಅದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ. 1950ರ ಜೂನ್ ತಿಂಗಳಲ್ಲಿ ಅದರ ಅಧ್ಯಕ್ಷತೆ ಭಾರತದ್ದು, ಪೀಠದಲ್ಲಿ ಕೂತಿದ್ದವರು ಬಿ.ಎನ್. ರಾವ್. ನಮ್ಮ ಸಂವಿಧಾನ ಸಭೆಗೆ ಸಂವಿಧಾನ ಸಲಹೆಗಾರರಾಗಿದ್ದವರು. ಅವರ ಮಂಗಳೂರೂ ನಮ್ಮ ಕಾಸರಗೋಡೂ ಆಗ ಮದ್ರಾಸ್ ರಾಜ್ಯದ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಚೀನಾದ ಪ್ರಾತಿನಿಧ್ಯದ ವಿವಾದದಿಂದಾಗಿ ಸೋವಿಯತ್ ಒಕ್ಕೂಟ ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ, ಹಾಗಾಗಿ ವೀಟೊ ಹಾಕುವವರು ಇರಲಿಲ್ಲ.

ರಾವ್ ಅವರ ಮೂರು ಮತಗಳನ್ನು ಒಂದು ಪಠ್ಯದಂತೆ ಓದಬಹುದು. ಜೂನ್ 25: ಉತ್ತರದ ದಾಳಿ ಶಾಂತಿಭಂಗ, ಸೇನೆ ಹಿಂದೆ ಹೋಗಬೇಕು ಎಂಬ ನಿರ್ಣಯ. ಭಾರತ ಪರವಾಗಿ ಮತ ಹಾಕಿತು. ಜೂನ್ 27: ದಕ್ಷಿಣಕ್ಕೆ ನೆರವು ಕೊಡಿ ಎಂಬ ನಿರ್ಣಯ. ದೆಹಲಿಯಿಂದ ಸೂಚನೆ ಬಂದಿರಲಿಲ್ಲ, ಭಾರತ ಮತದಾನದಲ್ಲಿ ಭಾಗವಹಿಸಲಿಲ್ಲ. ಎರಡು ದಿನ ಬಿಟ್ಟು ದೆಹಲಿ ಅದನ್ನು ಒಪ್ಪಿಕೊಂಡಿತು. ಜುಲೈ 7: ಅಮೆರಿಕದ ನಾಯಕತ್ವದಲ್ಲಿ ಏಕೀಕೃತ ದಂಡು, ಅದಕ್ಕೆ ವಿಶ್ವಸಂಸ್ಥೆಯ ಬಾವುಟ. ಭಾರತ, ಈಜಿಪ್ಟ್, ಯುಗೋಸ್ಲಾವಿಯ ಮತ ಹಾಕದೆ ಉಳಿದವು.

ಹೊರನೋಟಕ್ಕೆ ಹಿಂದೆಮುಂದೆ ನೋಡಿದ ಹಾಗೆ ಕಾಣುತ್ತದೆ. ಪದಪದ ಬಿಡಿಸಿ ಓದಿದರೆ ಬೇರೆ ಅರ್ಥ ಬರುತ್ತದೆ. "ದಾಳಿ ನಡೆದಿದೆ" ಎಂಬ ಭಾಗಕ್ಕೆ ಹೌದು. "ಹಾಗಾಗಿ ಇದು ಯುದ್ಧವಲ್ಲ, ನಮ್ಮೆಲ್ಲರ ಪೊಲೀಸು" ಎಂಬ ಭಾಗಕ್ಕೆ ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಸೈನಿಕರನ್ನು ಕಳಿಸದ ಭಾರತ ಆ ವರ್ಷದ ನವೆಂಬರಿನಲ್ಲಿ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ ವೈದ್ಯಕೀಯ ಪಡೆಯನ್ನು ಕಳಿಸಿತು. ಗಾಯಗೊಂಡವನಿಗೆ ಅದು ಯುದ್ಧವೋ ಪೊಲೀಸೋ ಎಂಬ ಪ್ರಶ್ನೆ ಇಲ್ಲವಲ್ಲ.

ಇದಕ್ಕೆ ಬೆಲೆ ಇತ್ತು. 1951ರ ಫೆಬ್ರವರಿಯಲ್ಲಿ, ಆಹಾರದ ಅಭಾವದಲ್ಲಿದ್ದ ಭಾರತಕ್ಕೆ 20 ಲಕ್ಷ ಟನ್ ಧಾನ್ಯ ಕೊಡಲು ಟ್ರೂಮನ್ ಕಾಂಗ್ರೆಸ್ಸನ್ನು ಕೇಳಿದರು. ಕೊರಿಯಾ ವಿಷಯದಲ್ಲಿ ಭಾರತ ನಡೆದುಕೊಂಡ ರೀತಿಗೆ ಸಿಟ್ಟಾಗಿದ್ದ ಸದಸ್ಯರಿಂದ ಅದು ತಿಂಗಳುಗಟ್ಟಲೆ ತಡವಾಯಿತು. ಜೂನ್ 15ರಂದು 19 ಕೋಟಿ ಡಾಲರಿನ ಸಾಲವಾಗಿ ಬಂತು. ಯುದ್ಧಕ್ಕೆ ಕೇಳದ ಮತವನ್ನು ಗೋಧಿಗೆ ಕೇಳಲಾಯಿತು.

ಹೆಸರಿಡುವ ಜಗಳ ಅಲ್ಲಿಗೆ ಮುಗಿಯಲಿಲ್ಲ. ಅಕ್ಟೋಬರ್ 3ರ ನಸುಕಿನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಪೀಕಿಂಗಿನಲ್ಲಿದ್ದ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಸೇನೆ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಅಂದರು. ಪಣಿಕ್ಕರ್ ಚೀನಾದ ಕಡೆಗೆ ವಾಲಿದವರು ಅಂತ ವಾಷಿಂಗ್ಟನ್ ಅದನ್ನು ತಳ್ಳಿಹಾಕಿತು. ಮಾತನ್ನಲ್ಲ, ಮಾತಾಡಿದವನನ್ನು ಓದಿದರು. ತಿಂಗಳು ಮುಗಿಯುವುದರೊಳಗೆ ಚೀನಾದ ಸೇನೆ ಕೊರಿಯಾದಲ್ಲಿತ್ತು. ಡಿಸೆಂಬರಿನಲ್ಲಿ ಕದನವಿರಾಮದ ದಾರಿ ಹುಡುಕಲು ನೇಮಕವಾದ ಮೂವರಲ್ಲಿ, ಇರಾನಿನ ಎಂತೆಜಾಮ್ ಮತ್ತು ಕೆನಡಾದ ಪಿಯರ್ಸನ್ ಜೊತೆಗೆ, ರಾವ್ ಇದ್ದರು. 1951ರ ಫೆಬ್ರವರಿ 1ರಂದು ಚೀನಾವನ್ನು "ಆಕ್ರಮಣಕಾರ" ಎಂದು ಹೆಸರಿಸುವ ನಿರ್ಣಯ ಬಂದಾಗ ಭಾರತ ವಿರುದ್ಧ ಮತ ಹಾಕಿತು. ಆ ಹೆಸರು ಸುಳ್ಳು ಅಂತ ಅಲ್ಲ. ಹೆಸರು ಇಟ್ಟ ಮೇಲೆ ಮಾತಾಡಲು ಜಾಗ ಉಳಿಯುವುದಿಲ್ಲ ಅಂತ.

ದಡದ ಮೇಲೆ ನಿಂತ ತಿಮ್ಮಯ್ಯ

1952ರ ಅಕ್ಟೋಬರ್ 24ರಂದು ಡೆಟ್ರಾಯಿಟಿನ ಚುನಾವಣಾ ಭಾಷಣದಲ್ಲಿ ಡ್ವೈಟ್ ಐಸೆನ್‌ಹೋವರ್ ತಾನು ಕೊರಿಯಾಕ್ಕೆ ಹೋಗುತ್ತೇನೆ ಅಂತ ಹೇಳಿದರು. ಯಾವ ಅಲಂಕಾರವೂ ಇಲ್ಲದ ವಾಕ್ಯ. ಎರಡು ವರ್ಷ ಅಪಹ್ನುತಿ ಕೇಳಿದ ಜನಕ್ಕೆ ಸ್ವಭಾವೋಕ್ತಿ ಎಷ್ಟು ಹಿಡಿಸಿತು ಅನ್ನುವುದಕ್ಕೆ ಚುನಾವಣೆಯ ಫಲಿತಾಂಶ ನೋಡಿದರೆ ಸಾಕು. ಆದರೆ ಅದೇ ಐಸೆನ್‌ಹೋವರ್ 1954ರ ಏಪ್ರಿಲ್ 7ರಂದು ಇಂಡೋಚೀನದ ಬಗ್ಗೆ ಮಾತಾಡುತ್ತಾ ಸಾಲಾಗಿ ನಿಲ್ಲಿಸಿದ ಡಾಮಿನೊ ಬಿಲ್ಲೆಗಳ ಹೋಲಿಕೆ ಕೊಟ್ಟರು: ಒಂದು ಬಿದ್ದರೆ ಮುಂದಿನದು, ಅದರಿಂದ ಅದರ ಮುಂದಿನದು. ಇದು ಕಾರಣಮಾಲೆ. ಮಾಲೆಯಲ್ಲಿ ಪೋಣಿಸಿದ ದೇಶಗಳಿಗೆ ಸ್ವಂತ ಕಾರಣಗಳೇ ಇರುವುದಿಲ್ಲ. ಆ ಅಲಂಕಾರ ವಿಯೆಟ್ನಾಮಿನ ತನಕ ಹೋಯಿತು.

ಈ ಎರಡು ಮಾತುಗಳ ನಡುವೆ, 1953ರ ಜುಲೈ 27ರಂದು ಕದನವಿರಾಮ ಆಯಿತು. ಮಾತುಕತೆ ಶುರುವಾಗಿ ಎರಡು ವರ್ಷ ಕಳೆದಿತ್ತು. ಕೊನೆಗೆ ಗಂಟು ಬಿದ್ದದ್ದು ಯುದ್ಧಕೈದಿಗಳ ವಿಷಯದಲ್ಲಿ. ಇಷ್ಟವಿಲ್ಲದವರನ್ನು ಬಲವಂತವಾಗಿ ವಾಪಸು ಕಳಿಸುವುದಿಲ್ಲ ಎಂಬುದು ಟ್ರೂಮನ್ ಹಿಡಿದ ಹಟ. ಅದರಲ್ಲಿ ಮಾನವೀಯತೆಯೂ ಇತ್ತು, ಪ್ರಚಾರದ ಲಾಭವೂ ಇತ್ತು. 1952ರ ಡಿಸೆಂಬರ್ 3ರಂದು ವಿಶ್ವಸಂಸ್ಥೆ ಒಪ್ಪಿದ ಸೂತ್ರ ಕೋಯಿಕ್ಕೋಡಿನ ವಿ.ಕೆ. ಕೃಷ್ಣ ಮೆನನ್ ಮುಂದಿಟ್ಟದ್ದು. ಚಂದ್ರಗಿರಿ ಹೊಳೆಯ ಉತ್ತರದವರೂ ದಕ್ಷಿಣದವರೂ ಒಂದೇ ಗಂಟನ್ನು ಎರಡು ಕಡೆಯಿಂದ ಬಿಡಿಸುತ್ತಾ ಇದ್ದರು ಅನ್ನಬಹುದು.

ಸುಮಾರು 22,600 ಕೈದಿಗಳು ಒಂದು ಕಡೆಯಿಂದ, 359 ಜನ ಇನ್ನೊಂದು ಕಡೆಯಿಂದ, ಊರಿಗೆ ಹೋಗುವುದಿಲ್ಲ ಅಂದವರು. ಅವರನ್ನು ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗ. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯ ಮತ್ತು ಭಾರತ. ಅಧ್ಯಕ್ಷ ಲೆಫ್ಟಿನೆಂಟ್ ಜನರಲ್ ತಿಮ್ಮಯ್ಯ. ಕಾವಲಿಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್ ಅವರ ಕೈಕೆಳಗೆ ಸುಮಾರು ಆರು ಸಾವಿರ ಭಾರತೀಯ ಸೈನಿಕರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯರು ತನ್ನ ನೆಲದ ಮೇಲೆ ಕಾಲಿಡಬಾರದು ಅಂದಿದ್ದರಿಂದ, ಅವರನ್ನು ಹಡಗಿನಿಂದಲೇ ಹೆಲಿಕಾಪ್ಟರಿನಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು.

ಕನ್ನಡದಲ್ಲಿ "ತಟಸ್ಥ" ಅಂದರೆ ದಡದಲ್ಲಿ ನಿಂತವನು. ಹೊಳೆಗೆ ಇಳಿಯದವನು. ಪತ್ರಿಕೆಗಳಲ್ಲಿ ಮತ ಹಾಕದಿದ್ದರೂ ತಟಸ್ಥ, ಪಕ್ಷ ವಹಿಸದಿದ್ದರೂ ತಟಸ್ಥ, ಏನೂ ಮಾಡದಿದ್ದರೂ ತಟಸ್ಥ. ನಮ್ಮ ಕಾವ್ಯಮೀಮಾಂಸೆಗೆ ಈ ಪದದ ತೊಂದರೆ ಗೊತ್ತಿತ್ತು. ರಸಾನುಭವ ತಾಟಸ್ಥ್ಯದಿಂದಲೂ ಬರುವುದಿಲ್ಲ, ಇದು ನನ್ನದೇ ದುಃಖ ಎಂಬ ಆತ್ಮಗತ ಭಾವದಿಂದಲೂ ಬರುವುದಿಲ್ಲ ಅಂತ ಭಟ್ಟನಾಯಕ ವಾದಿಸಿದ್ದನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಪರರದ್ದು ಅಂತ ದಡದಲ್ಲಿ ನಿಲ್ಲುವುದೂ ಅಲ್ಲ, ನನ್ನದು ಅಂತ ಮುಳುಗುವುದೂ ಅಲ್ಲ, ಮೂರನೆಯ ಒಂದು ನಿಲುವು ಬೇಕು. ತಿಮ್ಮಯ್ಯನವರ ಕೆಲಸ ಅಂಥದ್ದು. ಆಯೋಗದ ಹೆಸರಲ್ಲಿ ತಟಸ್ಥ. ಮಾಡಬೇಕಾದದ್ದು ಮುಳ್ಳುತಂತಿಯ ಒಳಗಿನ ಪ್ರತಿ ಕೈದಿಯನ್ನೂ ಕೇಳಿಸಿಕೊಳ್ಳುವುದು. ಶಿಬಿರಗಳೊಳಗೆ ಎರಡೂ ಪಕ್ಷದ ಗುಂಪುಗಳು ಕೈದಿಗಳನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದವು.

1954ರ ಜನವರಿಯಲ್ಲಿ ಅವಧಿ ಮುಗಿಯಿತು. ಕೈದಿಗಳನ್ನು "ಬಿಡುಗಡೆ" ಮಾಡಿ ಅಂತ ಅಮೆರಿಕದ ಕಡೆಯ ಒತ್ತಡ. ಇನ್ನೂ ಹಿಡಿದಿಟ್ಟುಕೊಳ್ಳಿ ಅಂತ ಇನ್ನೊಂದು ಕಡೆಯ ಒತ್ತಡ. ಇವರ ಭವಿಷ್ಯ ನಿರ್ಧರಿಸಬೇಕಾಗಿದ್ದ ರಾಜಕೀಯ ಸಮ್ಮೇಳನ ನಡೆದೇ ಇರಲಿಲ್ಲ. ಆದ್ದರಿಂದ ಬಿಡುಗಡೆ ಮಾಡುವ ಅಧಿಕಾರ ತನಗಿಲ್ಲ ಅಂತ ತಿಮ್ಮಯ್ಯ ಹೇಳಿದರು. ಅವರು ಮಾಡಿದ್ದು ಬಿಡುಗಡೆಯಲ್ಲ: ಯಾರು ಕೈದಿಗಳನ್ನು ಒಪ್ಪಿಸಿದ್ದರೋ ಅವರ ವಶಕ್ಕೇ ಜನವರಿ 20ರಿಂದ ಹಿಂತಿರುಗಿಸಿದರು. 23ರಂದು ಅವರನ್ನು ನಾಗರಿಕರೆಂದು ಘೋಷಿಸಿದ್ದು ಅಮೆರಿಕದ ನೇತೃತ್ವದ ದಂಡು.

ಕೈದಿಗೆ ಏನು ವ್ಯತ್ಯಾಸ ಆಯಿತು ಅಂತ ಕೇಳಬಹುದು. ಹೆಚ್ಚಿನವರಿಗೆ ಏನೂ ಇಲ್ಲ. ಆದರೆ ಭಾಷೆಯ ಮಟ್ಟದಲ್ಲಿ ಇಡೀ ಯುದ್ಧದಲ್ಲಿ ನಾನು ಗೌರವಿಸುವ ವಾಕ್ಯ ಅದು. ಆದದ್ದು ಹಿಂತಿರುಗಿಸುವುದು; ಅದನ್ನು ಬಿಡುಗಡೆ ಅಂತ ಕರೆದಿದ್ದರೆ ಇನ್ನೊಂದು ಅಪಹ್ನುತಿ ಆಗುತ್ತಿತ್ತು. ಉಪಮೇಯವನ್ನು ಅದರ ಹೆಸರಿನಿಂದ ಕರೆದು, ಮುಂದಿನ ಕೆಲಸದ ಹೊಣೆ ಯಾರದ್ದೋ ಅವರ ಮೇಲೆಯೇ ಬಿಟ್ಟರು.

ಎರಡೂ ಕೊರಿಯಾ ಬೇಡ, ಚೀನಾ ಬೇಡ, ತೈವಾನೂ ಬೇಡ ಅಂದ 88 ಜನ ಉಳಿದರು. ಅವರನ್ನು ಭಾರತಕ್ಕೆ ಕರೆತಂದರು; ಮುಂದೆ ಬಹುಪಾಲು ಜನ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು, ಕೆಲವರು ಇಲ್ಲೇ ನಿಂತರು. ಚೋಯ್ ಇನ್‌ಹುನ್ 1960ರಲ್ಲಿ ಬರೆದ "ಚೌಕ" ಎಂಬ ಕೊರಿಯನ್ ಕಾದಂಬರಿಯ ನಾಯಕ ಅಂಥ ಒಬ್ಬ ಕೈದಿ. ಎಷ್ಟು ಕೇಳಿದರೂ ತಟಸ್ಥ ದೇಶ ಎಂಬುದೊಂದೇ ಅವನ ಉತ್ತರ. ಭಾರತದ ಕಡೆ ಹೊರಟ ಹಡಗಿನಿಂದ ಅವನು ಕಾಣೆಯಾಗುತ್ತಾನೆ. ದಡ ತಲಪುವುದೇ ಇಲ್ಲ. ನಮ್ಮ ದೇಶ ಇನ್ನೊಂದು ಭಾಷೆಯ ದೊಡ್ಡ ಕಾದಂಬರಿಯಲ್ಲಿ ತಲಪಲಾಗದ ದಡವಾಗಿ ನಿಂತಿದೆ. ಕನ್ನಡ ವಿಮರ್ಶೆ ಈ ಕಾದಂಬರಿಯನ್ನು ಓದಬೇಕು ಅನ್ನುವುದು ನನ್ನ ಒಂದು ವಿನಂತಿ.

ನಮ್ಮ ಕೆಲಸ

1956ರ ನವೆಂಬರ್ 1ರಂದು ರಾವ್ ಅವರ ಮಂಗಳೂರು, ತಿಮ್ಮಯ್ಯನವರ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಕಡತದಲ್ಲಿ ಅದರ ಹೆಸರು "ಪುನರ್ವಿಂಗಡಣೆ". ಅದನ್ನು ಯುದ್ಧಕ್ಕೆ ಹೋಲಿಸುವ ಹುಚ್ಚು ನನಗಿಲ್ಲ. ಆದರೆ ದೂರದಲ್ಲಿ ಗೆರೆ ಎಳೆದು ಹೆಸರಿಡುವುದು ಅಂದರೆ ಏನು ಅಂತ ಗಡಿನಾಡಿನ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ. ಹಾಗಾಗಿ ಹೆಸರುಗಳನ್ನು ಅನುಮಾನಿಸಿ ಓದುವ ಅಭ್ಯಾಸ ನಮಗೆ ಸುಲಭವಾಗಿ ಬರಬೇಕು.

ನಮ್ಮಲ್ಲಿ ಕೆಲವರು ನಾಳೆ ಪತ್ರಿಕೆಯ ಡೆಸ್ಕಿಗೆ ಹೋಗ್ತೇವೆ, ಅನುವಾದಕ್ಕೆ ಕೂರ್ತೇವೆ, ಶಾಲೆಗೆ ಹೋಗ್ತೇವೆ. 2022ರ ಫೆಬ್ರವರಿ 24ರಂದು ರಷ್ಯಾದ ಅಧ್ಯಕ್ಷರು ಉಕ್ರೇನಿನ ಮೇಲಿನ ದಾಳಿಯನ್ನು "ವಿಶೇಷ ಸೇನಾ ಕಾರ್ಯಾಚರಣೆ" ಅಂದರು. ಕನ್ನಡದಲ್ಲಿ ಕಾಡಾನೆ ಹಿಡಿಯುವುದೂ ಕಾರ್ಯಾಚರಣೆ, ಬಾವಿಗೆ ಬಿದ್ದ ಮಗುವನ್ನು ಎತ್ತುವುದೂ ಕಾರ್ಯಾಚರಣೆ, ಊರಿನ ಮೇಲೆ ಬಾಂಬು ಹಾಕುವುದೂ ಕಾರ್ಯಾಚರಣೆ. ಏಜೆನ್ಸಿಯ ಸುದ್ದಿ ಬಂದಾಗ ಆ ಪದ ಕೈಗೆ ತಾನಾಗಿಯೇ ಬರುತ್ತದೆ. ಆಗ ಕೇಳಿಕೊಳ್ಳಬೇಕಾದದ್ದು ಇಷ್ಟೆ: ಈ ವಾಕ್ಯದಲ್ಲಿ ನಿರಾಕರಿಸಿದ ಉಪಮೇಯ ಯಾವುದು? ಅದನ್ನು ವಾಪಸು ಇಟ್ಟರೆ ಯಾರು ಉತ್ತರ ಕೊಡಬೇಕಾಗುತ್ತದೆ?

ಚರ್ಚೆಯಿಂದ

ಇತಿಹಾಸ ವಿಭಾಗದ ಸಹಪಾಠಿಯೊಬ್ಬರು: ಉತ್ತರ ಕೊರಿಯಾ ದಾಳಿ ಮಾಡಿದ್ದು ನಿಜ ತಾನೆ? ಟ್ರೂಮನ್ ಒಬ್ಬರ ಭಾಷೆಯನ್ನೇ ಹಿಡಿದುಕೊಳ್ಳುವುದು ನ್ಯಾಯವೇ?

ಉತ್ತರ: ದಾಳಿ ನಿಜ, ಅದಕ್ಕೇ ಭಾರತದ ಮೊದಲ ಮತ ಪರವಾಗಿ ಬಿತ್ತು. ಭಾಷೆಯ ಆಟ ಎರಡೂ ಕಡೆ ಇತ್ತು. ಚೀನಾ ಕಳಿಸಿದ್ದು ತನ್ನ ಖಾಯಂ ಸೇನೆಯನ್ನು, ಇಟ್ಟ ಹೆಸರು "ಜನತಾ ಸ್ವಯಂಸೇವಕರು". ಅದೂ ಅಪಹ್ನುತಿಯೇ. ಟ್ರೂಮನ್ನರನ್ನು ಆರಿಸಿದ್ದಕ್ಕೆ ಕಾರಣ, ಅವರ ದೇಶದಲ್ಲಿ ಆ ಪದವನ್ನು ಪ್ರಶ್ನಿಸುವ ಸೆನೆಟರು, ರದ್ದು ಮಾಡುವ ಕೋರ್ಟು ಇತ್ತು; ಹಾಗಾಗಿ ಪದ ಏನು ಅಳಿಸಿತು ಅನ್ನುವುದು ದಾಖಲೆಯಲ್ಲಿ ಕಾಣುತ್ತದೆ. ಕೋರ್ಟು ಇಲ್ಲದ ಕಡೆ ಅಳಿಸಿದ ಗುರುತೂ ಸುಲಭಕ್ಕೆ ಸಿಗುವುದಿಲ್ಲ.

ಅಧ್ಯಾಪಕಿಯೊಬ್ಬರು: ಅಲಂಕಾರಶಾಸ್ತ್ರ ರಸಿಕರಿಗಾಗಿ ಇರುವುದು. ಅದನ್ನು ಪತ್ರಿಕಾಗೋಷ್ಠಿಗೆ ಹಚ್ಚಿದರೆ ಶಾಸ್ತ್ರಕ್ಕೆ ಅನ್ಯಾಯ ಆಗುವುದಿಲ್ವಾ?

ಉತ್ತರ: ಮೇಡಂ, ಒಂದು ಮಟ್ಟಿಗೆ ಆಗ್ತದೆ. ಶಾಸ್ತ್ರಕಾರರು ಅಪಹ್ನುತಿಯನ್ನು ಹೇಳಿದ್ದು ಚೆಲುವಿಗಾಗಿ, ಸುಳ್ಳಿಗಾಗಿ ಅಲ್ಲ. ಆದರೆ ಯಾವುದು ಚೆಲುವಿನ ನಿರಾಕರಣೆ, ಯಾವುದು ಹೊಣೆಯ ನಿರಾಕರಣೆ ಅಂತ ಬೇರೆ ಮಾಡಿ ತೋರಿಸುವ ಸೂಕ್ಷ್ಮ ನಮಗೆ ಕೊಟ್ಟದ್ದೂ ಅದೇ ಶಾಸ್ತ್ರ. ಮುಖವನ್ನು ಚಂದ್ರ ಅಂದಾಗ ಮುಖ ಎಲ್ಲಿಗೂ ಹೋಗಿರುವುದಿಲ್ಲ. ಈ ಇನ್ನೊಂದು ವಾಕ್ಯದಲ್ಲಿ ಮುಖಗಳೇ ಇಲ್ಲವಾದವು. ಅದನ್ನು ಹೇಳಲು ನಮ್ಮ ಹತ್ತಿರ ಪದ ಇರುವಾಗ ಹೇಳದೆ ಇರುವುದು ಸರಿಯಲ್ಲ ಅನಿಸುತ್ತದೆ.